ಕಥೆ-ಕಾದಂಬರಿ ಓದಿದ್ರೆ ಏನು ಬಂತು ಅಂತಾರೆ, ಮಗಳಿಗೆ ಏನು ಹೇಳಲಿ?

ಮಂಡಿಪೇಟೆ ಗುಮಾಸ್ತ | ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ, ನಿಮ್ಮ ಮುಂದೆ ಇಡ್ತೀನಿ.

ಮಗಳು ಪಿಯುಸಿ ಮೊದಲನೇ ವರ್ಷ, ಸೈನ್ಸ್. ಸಂಜೆ ಟ್ಯೂಷನ್‌ಗೆ ಹೋಗ್ತಾಳೆ. ಮೊನ್ನೆ ಅಲ್ಲಿ ಪೋಷಕರ ಸಭೆ ಕರೆದಿದ್ರು. ಮೇಷ್ಟ್ರು ಕೊನೇಲಿ ಒಂದು ಮಾತು ಹೇಳಿದ್ರು. ಮನೇಲಿ ಕಥೆ ಪುಸ್ತಕ ಇದ್ರೆ ಎರಡು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿ, ಓದಲೇಬೇಕು ಅಂದ್ರೆ ಜ್ಞಾನ ಬರೋ ಪುಸ್ತಕ ಕೊಡಿ ಅಂತ. ಸುತ್ತ ಕೂತಿದ್ದ ತಂದೆ-ತಾಯಿಯರೆಲ್ಲ ತಲೆ ಆಡಿಸಿದ್ರು. ನಾನೂ ಆಡಿಸಿದೆ. ಮನೆಗೆ ಬಂದ್ರೆ ಮಗಳು ಕಿಟಕಿ ಪಕ್ಕ ಕೂತು ಅದೇ ಕಥೆ ಪುಸ್ತಕ ಓದ್ತಿದ್ದಳು. ಕಸಿದುಕೊಳ್ಳೋಕೆ ಕೈ ಹೋಗಲಿಲ್ಲ.

ಕೈ ಯಾಕೆ ಹೋಗಲಿಲ್ಲ ಅಂದ್ರೆ, ನನಗೆ ನಮ್ಮಪ್ಪ ನೆನಪಾದ್ರು. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಅವರು ಇಲ್ಲಿನ ಒಂದು ಬಟ್ಟೆ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ರು. ಓದಿದ್ದು ನಾಲ್ಕನೇ ಕ್ಲಾಸು. ರಾತ್ರಿ ಪಾಳಿ ಮುಗಿಸಿ ಬರುವಾಗ ದಿನದ ಬಾಡಿಗೆಗೆ ಪುಸ್ತಕ ಕೊಡೋ ಅಂಗಡಿಯಿಂದ ಕಾದಂಬರಿ ತರೋರು. ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕೋರು, ಅಂಗಡಿಯವನ ಪುಸ್ತಕ ಕೊಳೆ ಆಗಬಾರದು ಅಂತ. ಅಷ್ಟಾದ್ರೂ ಒಳಗಿನ ಪುಟಗಳ ಸಂದಿಯಲ್ಲಿ ಅರಳೆಯ ಎಳೆ ಸಿಕ್ಕಿಕೊಂಡಿರೋದು. ಅವರ ಕೂದಲು, ರೆಪ್ಪೆ, ಅಂಗಿಯ ತೋಳು ಎಲ್ಲ ಕಡೆ ಇರ್ತಿದ್ದ ಎಳೆ ಅದು. ನಾನು ಚಿಕ್ಕವನಿದ್ದಾಗ ಆ ಎಳೆಗಳನ್ನ ಒಂದೊಂದಾಗಿ ತೆಗೆದು ಊದ್ತಿದ್ದೆ.

ಪಾಳಿ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಹೋಗಿ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತು ಆ ಕಾದಂಬರಿಯನ್ನ ಗಟ್ಟಿಯಾಗಿ ಓದೋರು. ಅಕ್ಷರ ಬಾರದ ನಾಲ್ಕೈದು ಜನ ಸುತ್ತ ಕೂರೋರು. ಬೀಡಿ ಆರಿ ಹೋದ್ರೂ ಗೊತ್ತಾಗದ ಹಾಗೆ ಕೇಳೋರು. ಒಂದ್ಸಲ ಅಪ್ಪನಿಗೆ ಊಟದ ಡಬ್ಬಿ ಕೊಡೋಕೆ ಹೋದಾಗ ಇದನ್ನ ನಾನೇ ಕಣ್ಣಾರೆ ನೋಡಿದ್ದೀನಿ.

ಅವರಿಗೆ ಅದರಿಂದ ಏನು ಬಂತು? ಮೇಷ್ಟ್ರ ಮಾತಿಗೆ ಉತ್ತರ ಹೇಳೋಕೆ ನನಗೆ ಆಗಲಿಲ್ಲ. ನೀವು ಏನಂತೀರಿ? ಮಗಳಿಗೆ ಏನು ಹೇಳಲಿ?


ಎಫ್‌ಡಿಎ ಮೂರನೇ ಸಲ | ಜಗಳೂರು, ಈಗ ದಾವಣಗೆರೆ

ಅಣ್ಣ, ಬೇಜಾರು ಮಾಡ್ಕೋಬೇಡಿ. ಮೇಷ್ಟ್ರು ಹೇಳಿದ್ದು ಸರಿ ಇದೆ.

ಎಫ್‌ಡಿಎ, ಅಂದ್ರೆ ಸರ್ಕಾರಿ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಪರೀಕ್ಷೆಗೆ ಮೂರನೇ ಸಲ ಓದ್ತಿದ್ದೀನಿ. ನನ್ನ ದಿನ ಹೇಳ್ತೀನಿ ಕೇಳಿ. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯೋ ಮುಂಚೆ ಮೆಟ್ಟಿಲ ಮೇಲೆ ನಮ್ಮ ಬ್ಯಾಗುಗಳು ಸಾಲಾಗಿ ಕೂತಿರ್ತಾವೆ. ಯಾರ ಬ್ಯಾಗು ಮುಂದೆ ಇದೆಯೋ ಅವರಿಗೆ ಫ್ಯಾನ್ ಕೆಳಗಿನ ಜಾಗ. ನೀರಿನ ಬಾಟ್ಲಿ, ಒಂದು ಪೊಟ್ಟಣ ಮಂಡಕ್ಕಿ, ಪ್ರಶ್ನೆ ಪತ್ರಿಕೆಗಳ ಕಟ್ಟು. ರಾತ್ರಿ ದೀಪ ಆರಿಸೋವರೆಗೂ ಅಲ್ಲೇ. ಊರಲ್ಲಿ ಎರಡೆಕರೆ ಮೆಕ್ಕೆಜೋಳ, ಮಳೆ ನಂಬಿಕೊಂಡ ಹೊಲ. ಅಪ್ಪ ಪ್ರತಿ ತಿಂಗಳು ರೂಮ್ ಬಾಡಿಗೆ ಕಳಿಸುವಾಗ ಫೋನಲ್ಲಿ ಏನೂ ಕೇಳಲ್ಲ. ಅವರು ಕೇಳದೆ ಇರೋದೇ ನನಗೆ ದೊಡ್ಡ ಭಾರ.

ಕಾದಂಬರಿಕಾರ ತರಾಸು ಬಗ್ಗೆ ನನ್ನ ನೋಟ್ಸಲ್ಲಿ ಎರಡು ಸಾಲಿದೆ. ಹುಟ್ಟಿದ್ದು 1920, ಮಲೇಬೆನ್ನೂರು. ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1985. ಪ್ರಶ್ನೆ ಬಂದ್ರೆ ಈ ಎರಡು ಸಾಲಿಗೆ ಒಂದು ಮಾರ್ಕ್ಸ್. ಅಷ್ಟು ದಪ್ಪದ ಕಾದಂಬರಿ ಪೂರ್ತಿ ಓದಿದ್ರೂ ಅದೇ ಒಂದು ಮಾರ್ಕ್ಸ್. ತಪ್ಪು ಬರೆದ್ರೆ ಕಾಲು ಮಾರ್ಕ್ಸ್ ಕಟ್. ನಾನು ಯಾವುದು ಓದಬೇಕು ನೀವೇ ಹೇಳಿ.

ಕಾದಂಬರಿ ಓದೋಕೆ ನೆಮ್ಮದಿ ಬೇಕು ಅಣ್ಣ. ಕೆಲಸ ಸಿಕ್ಕಿದ ಮೇಲೆ ಓದ್ತೀನಿ. ನಿಮ್ಮ ಮಗಳೂ ಸೀಟು ಸಿಕ್ಕಿದ ಮೇಲೆ ಓದ್ಲಿ.


ಕೋಟೆ ಕೆಳಗಿನ ಮನೆ | ಚಿತ್ರದುರ್ಗ

ತಮ್ಮ, ನಿನ್ನ ಮಾತಲ್ಲಿ ಸುಳ್ಳಿಲ್ಲ. ನಾನು ಹತ್ತೊಂಬತ್ತು ವರ್ಷದಿಂದ ಇತಿಹಾಸ ಪಾಠ ಮಾಡ್ತಿದ್ದೀನಿ. ನನ್ನ ಮಕ್ಕಳೂ (ವಿದ್ಯಾರ್ಥಿಗಳನ್ನ ಹಾಗೇ ಕರೆಯೋದು ನಾನು) ಇದೇ ಮಾತು ಹೇಳ್ತಾರೆ. ಆದ್ರೆ ನಾನು ಪಾಠ ಮಾಡೋ ವಿಷಯದ ಒಳಗಿಂದಲೇ ಒಂದು ಸಂಗತಿ ಹೇಳಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನಿನಗೆ ಗೊತ್ತಿರುತ್ತೆ. ಅಶೋಕನ ಶಾಸನ, ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892, ಪಕ್ಕದಲ್ಲೇ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಹೇಳಿ ಕಳಿಸಿದ ಆಜ್ಞೆ ಅದು. ತಂದೆ-ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅಂತಿದೆ. ಇಷ್ಟು ಎಲ್ಲ ಗೈಡಲ್ಲೂ ಸಿಗುತ್ತೆ.

ಕೊನೇ ಸಾಲಿಗೆ ಬಾ. ಅಲ್ಲಿ ಅದನ್ನ ಬರೆದವನ ಹೆಸರಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ತನ್ನ ಕಸುಬಿನ ಪದ ಬರೆಯೋವಾಗ ಮಾತ್ರ, ಲಿಪಿಕಾರ ಅನ್ನೋದನ್ನ, ಆತ ಖರೋಷ್ಠಿ ಲಿಪಿಗೆ ತಿರುಗಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಹೋಗೋ ಲಿಪಿ, ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ. ನಮ್ಮ ಬಂಡೆಗಳ ಮಧ್ಯೆ ಅದನ್ನ ಓದಬಲ್ಲವರು ಯಾರಿದ್ರು? ಯಾರಿಗಾಗಿ ಬರೆದ?

ಮೊದಲನೇ ಸಲ ಆ ಬಂಡೆ ಮುಂದೆ ನಿಂತಾಗ ನನಗೆ ಗಂಟಲು ಕಟ್ಟಿತು. ಆತ ಅಲ್ಲಿಂದ ಇಲ್ಲಿಗೆ ಹೇಗೆ ಬಂದ, ನಮ್ಮ ಕಡೆ ಬಿಸಿಲು ತಡ್ಕೊಂಡನಾ, ಊಟಕ್ಕೆ ಏನು ಸಿಕ್ಕಿತು, ವಾಪಸ್ ಮನೆಗೆ ಹೋದನಾ, ಅಥವಾ ಇಲ್ಲೇ ಯಾವುದೋ ಹಟ್ಟಿಯಲ್ಲಿ ಉಳ್ಕೊಂಡನಾ. ಶಾಸನ ಇದನ್ನ ಹೇಳಲ್ಲ. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಡೋ ಅಧಿಕಾರ ನನಗೂ ಇಲ್ಲ, ನಾನು ಇತಿಹಾಸದವಳು. ಒಬ್ಬ ಕಾದಂಬರಿಕಾರನಿಗೆ ಮಾತ್ರ ಆ ಅಧಿಕಾರ ಇದೆ. ನಾನು ಕಾದಂಬರಿ ಓದೋದು ಇದಕ್ಕೇ. ದಾಖಲೆ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಂತವಳಿಗೆ ಮುಂದಿನದು ಬೇಕು ಅನಿಸುತ್ತೆ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅರ್ಧ ಹೇಳಿದ ಹಾಗಾಗುತ್ತೆ. ದುರ್ಗದಲ್ಲಿ ತೊಂದರೆ ಉಲ್ಟಾ ಇದೆ. ಕೋಟೆಗೆ ಬಂದವರು ಕಾದಂಬರಿಯಲ್ಲಿ ಓದಿದ ಮಾತುಕತೆಯನ್ನ, ಸಿನಿಮಾದಲ್ಲಿ ನೋಡಿದ ದೃಶ್ಯವನ್ನ, ನಿಜವಾಗಿ ಹೀಗೇ ನಡೆದಿದ್ದು ಅಂತ ಮಕ್ಕಳಿಗೆ ಹೇಳ್ತಾರೆ. ಹೈದರಾಲಿ ಕೈಗೆ ಕೋಟೆ ಹೋದದ್ದು 1779. ಇದು ದಾಖಲೆ. ಅದರ ಹಿಂದಿನ ರಾತ್ರಿ ಮದಕರಿ ನಾಯಕ ಏನು ಯೋಚಿಸಿದ ಅನ್ನೋದು ತರಾಸು ಅವರ ಕಲ್ಪನೆ. ಎರಡೂ ನನಗೆ ಬೇಕು, ಯಾವುದು ಯಾವುದು ಅನ್ನೋದೂ ಗೊತ್ತಿರಬೇಕು. ಕಾದಂಬರಿ ಓದಿ ಮುಗಿಸಿದವರಿಗೆ ನಾನು ಇತಿಹಾಸಕಾರ ಹುಲ್ಲೂರು ಶ್ರೀನಿವಾಸ ಜೋಯಿಸರನ್ನ ಓದಿ ಅಂತ ಹೇಳ್ತೀನಿ. ಬರೀ ಜೋಯಿಸರನ್ನ ಓದಿದವರಿಗೆ ತರಾಸು ಓದಿ ಅಂತೀನಿ.


ನಿವೃತ್ತ ಗ್ರಂಥಪಾಲಕ | ದಾವಣಗೆರೆ

ಮೂವರ ಬರಹವನ್ನೂ ಓದಿದೆ. ಮೂವತ್ತೊಂದು ವರ್ಷ ಪುಸ್ತಕಗಳ ನಡುವೆ ಕಳೆದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜಗಳೂರಿನ ಮಗನೇ, ನೀನು ಕಥೆ ಪುಸ್ತಕ ಬಿಟ್ಟು ಜ್ಞಾನದ ಪುಸ್ತಕ ಓದುತ್ತಿದ್ದೇನೆ ಎಂದುಕೊಂಡಿದ್ದೀಯ. ನಿನ್ನ ಪಟ್ಟಿ ಮತ್ತೊಮ್ಮೆ ನೋಡು. ನೀರಿನ ಬಾಟ್ಲಿ, ಮಂಡಕ್ಕಿ, ಪ್ರಶ್ನೆ ಪತ್ರಿಕೆಗಳ ಕಟ್ಟು. ಅದರಲ್ಲಿ ಜ್ಞಾನದ ಪುಸ್ತಕ ಎಲ್ಲಿದೆ? ಗೈಡು ಬೇರೆ, ಪುಸ್ತಕ ಬೇರೆ. ಒಬ್ಬ ಮನುಷ್ಯ ಒಂದು ವಿಷಯದ ಹಿಂದೆ ಹತ್ತು ವರ್ಷ ಅಲೆದು, ತಪ್ಪಿ, ತಿದ್ದಿಕೊಂಡು, ತಾನು ಆ ನಿರ್ಣಯಕ್ಕೆ ಹೇಗೆ ಬಂದೆ ಎಂಬುದನ್ನೂ ತೋರಿಸಿ ಬರೆದದ್ದು ಪುಸ್ತಕ. ಗೈಡಿನಲ್ಲಿ ನಿರ್ಣಯ ಮಾತ್ರ ಇರುತ್ತದೆ. ನಿನ್ನನ್ನು ದೂರುತ್ತಿಲ್ಲ. ನಿನ್ನ ಅವಸರ ನನಗೆ ಗೊತ್ತು, ನಿನ್ನಂಥ ನೂರಾರು ಮಕ್ಕಳಿಗೆ ರಾತ್ರಿ ದೀಪ ಆರಿಸುವ ಮುಂಚೆ ಇನ್ನು ಹತ್ತೇ ನಿಮಿಷ ಎಂದು ಹೇಳಿದವನು ನಾನೇ. ಆದರೆ ಕಾದಂಬರಿ ಹೆಚ್ಚೋ ಜ್ಞಾನದ ಪುಸ್ತಕ ಹೆಚ್ಚೋ ಎಂದು ನಾವು ಇಲ್ಲಿ ವಾದ ಮಾಡುವ ಹೊತ್ತಿಗೆ, ಎರಡನ್ನೂ ಒಟ್ಟಿಗೆ ಮೂಲೆಗೆ ಸರಿಸಿ ಪ್ರಶ್ನಾಕೋಶ ಬಂದು ಕೂತಿದೆ. ನನ್ನ ಹೊಟ್ಟೆಯ ಸಂಕಟ ಅದು.

ಮೂಲೆಗೆ ಸರಿಸಿ ಎಂದದ್ದು ನಿಜವಾಗಿ ನಡೆದ ಮಾತು. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಓದುವ ಕುರ್ಚಿಗಳಿಗೆ ಜಾಗ ಸಾಲದೆ ಕಾದಂಬರಿಗಳ ಏಳು ಬೀರುಗಳನ್ನು ಒಳಗಿನ ಕೋಣೆಗೆ ಸಾಗಿಸಿದರು. ಅದರ ಜೊತೆಗೆ ಪ್ರವಾಸ ಕಥನ, ಜೀವನ ಚರಿತ್ರೆ, ಕೃಷಿ, ವಿಜ್ಞಾನವೂ ಹೋದವು. ಕೋಣೆಗೆ ಬೀಗ. ಓದುಗರು ಬೇಡ ಎಂದು ಹೇಳಿರಲಿಲ್ಲ. ಕೇಳುವವರು ಕಡಿಮೆ ಎಂದು ಕಡತದಲ್ಲಿ ಬರೆದರು. ಕಣ್ಣಿಗೆ ಕಾಣದ ಪುಸ್ತಕವನ್ನು ಯಾರು ಕೇಳುತ್ತಾರೆ? ನಾನು ಎರಡು ಸಲ ಬರೆದುಕೊಟ್ಟೆ. ಏನೂ ಆಗಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬರುವಾಗಲೂ ಆ ಬೀಗವೇ ಕಣ್ಣಲ್ಲಿತ್ತು.

ನಾವೆಲ್ಲ ತಿಳಿದಿರಬೇಕಾದ ಒಂದು ಮಾತು: 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರುತ್ತದೆ. ನಿಮ್ಮ ಕಂದಾಯದ ರಸೀದಿ ತೆಗೆದು ನೋಡಿ. ಆ ಬೀರುಗಳಿಗೆ ನೀವು ದುಡ್ಡು ಕಟ್ಟಿದ್ದೀರಿ. ಹೋಗಿ ಕೌಂಟರಿನಲ್ಲಿ ಪುಸ್ತಕದ ಹೆಸರು ಹೇಳಿ ಕೇಳಿ, ಬೀಗ ತೆಗೆಸಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಬೆನ್ನಿನ ಮೇಲೆ ಅಂಟಿಸಿದ ಚೀಟಿ ನೋಡಿ ಹುಡುಕಿ. ಚಿತ್ರದುರ್ಗದ ಮೇಡಂ ಹೇಳಿದ ಇತಿಹಾಸ 900ರ ಸಾಲಿನಲ್ಲಿ ಇರುತ್ತದೆ. ಬೀರು ಬೇರೆ ಬೇರೆ, ಓದುಗ ಒಬ್ಬನೇ.

ಬೀರು ಬೇರೆ ಮಾಡಿದ್ದು ನಮ್ಮ ಅನುಕೂಲಕ್ಕೆ. ಕಾದಂಬರಿ ಎಂಬ ಪದವೇ ಬಾಣಭಟ್ಟನ ಒಂದು ಕೃತಿಯ ಹೆಸರು, ಆಮೇಲೆ ಕನ್ನಡದಲ್ಲಿ, ಮರಾಠಿಯಲ್ಲಿ ಆ ಜಾತಿಯ ಬರವಣಿಗೆಗೇ ಹೆಸರಾಯಿತು. ವಚನವನ್ನು ಯಾವ ಕಡೆ ಇಡುತ್ತೀರಿ? ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಿಂದಲೇ ಮಕ್ಕಳಿಗೆ ಮೂರು ಸಂಪುಟದ ಬಾಲ ಪ್ರಪಂಚ ಬರೆದರು, ದೊಡ್ಡವರಿಗೆ ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚ ಬರೆದರು. ಅವರಿಗೆ ಇದು ಎರಡು ಕೆಲಸ ಎಂದು ಅನಿಸಿರಲಿಕ್ಕಿಲ್ಲ.


ರಾತ್ರಿ ಪಾಳಿ ನರ್ಸ್ | ದಾವಣಗೆರೆ

ಇಲ್ಲಿ ಎಲ್ಲರೂ ಇತಿಹಾಸ ಹೇಳ್ತಿದ್ದೀರಿ, ನಾನು ವಾರ್ಡಿನ ಮಾತು ಹೇಳ್ತೀನಿ.

ಹೆರಿಗೆ ವಾರ್ಡಲ್ಲಿ ಹನ್ನೊಂದು ವರ್ಷ ಆಯ್ತು. ಬಾಣಂತಿಯರಲ್ಲಿ ಕೆಲವರಿಗೆ ಹೆರಿಗೆ ಆದ ಮೇಲೆ ಮನಸ್ಸು ಕೆಡುತ್ತೆ. ಮಗೂನ ಮುಟ್ಟಲ್ಲ, ನಿದ್ದೆ ಮಾಡಲ್ಲ, ಏನೇನೋ ಮಾತಾಡ್ತಾರೆ. ನಮ್ಮ ನರ್ಸಿಂಗ್ ಪುಸ್ತಕದಲ್ಲಿ ಇದಕ್ಕೆ ಒಂದೂವರೆ ಪುಟ ಇತ್ತು. ಲಕ್ಷಣ, ಔಷಧ, ಮಗು ಹತ್ತಿರ ಒಬ್ಬಳನ್ನೇ ಬಿಡಬಾರದು, ಇಷ್ಟು. ಅದನ್ನ ಬಾಯಿಪಾಠ ಮಾಡಿದ್ದೆ, ಅದರಿಂದ ನಿಜವಾಗ್ಲೂ ಜೀವ ಉಳಿಸೋಕೆ ಆಗಿದೆ. ಆ ಒಂದೂವರೆ ಪುಟವನ್ನ ನಾನು ಹಗುರ ಮಾಡಲ್ಲ.

ಆದ್ರೆ ಆ ಪುಸ್ತಕ ಡಿಸ್ಚಾರ್ಜ್ ಮಾಡೋದಕ್ಕೆ ಮುಗಿಯುತ್ತೆ. ತ್ರಿವೇಣಿಯವರ ಶರಪಂಜರ ಕಾದಂಬರಿ ಇದೆಯಲ್ಲ, ಅದರ ನೋವು ಇರೋದು ಡಿಸ್ಚಾರ್ಜ್ ಆದ ಮೇಲೆ. ಹೆಂಗಸು ವಾಸಿಯಾಗಿ ಮನೆಗೆ ಬಂದ್ಮೇಲೆ ಅಕ್ಕಪಕ್ಕದವರು, ಗಂಡ, ಎಲ್ಲರೂ ಅವಳನ್ನ ಹೇಗೆ ನೋಡ್ತಾರೆ, ಅವಳು ಸುಮ್ನೆ ನಕ್ಕರೂ ಹೇಗೆ ಅನುಮಾನ ಪಡ್ತಾರೆ ಅನ್ನೋದು. ಅದನ್ನ ಓದಿದ ಮೇಲೆ ನಾನು ಡಿಸ್ಚಾರ್ಜ್ ದಿನ ಒಂದು ಕೆಲಸ ಜಾಸ್ತಿ ಮಾಡ್ತೀನಿ. ಗಂಡನ್ನೂ ಅತ್ತೆಯನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ ಮಾತಾಡ್ತೀನಿ. ಇದು ಜ್ವರದ ಥರ ಬಂದು ಹೋಗಿರೋ ಕಾಯಿಲೆ, ಗಾಳಿ ಅಲ್ಲ, ಮಾಟ ಅಲ್ಲ, ನಾಳೆ ಅವಳು ಒಂದು ಪಾತ್ರೆ ಬೀಳಿಸಿದ್ರೆ "ಮತ್ತೆ ಶುರುವಾಯ್ತು" ಅನ್ಬೇಡಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಅಂತ. ಅರ್ಧ ಗಂಟೆ ಆಗುತ್ತೆ. ಡ್ಯೂಟಿ ಚಾರ್ಟಲ್ಲಿ ಈ ಕೆಲಸ ಇಲ್ಲ.

ಇನ್ನೊಂದು. ಕಾದಂಬರಿ ಓದಿದ್ರೆ ಬೇರೆಯವರ ಮನಸ್ಸು ಅರ್ಥ ಆಗುತ್ತೆ ಅಂತ ವಿಜ್ಞಾನವೇ ಹೇಳಿದೆ ಅಂತ ವಾಟ್ಸಾಪಲ್ಲಿ ಬರ್ತಿರುತ್ತೆ. ಅದನ್ನ ನಂಬಿ ಮೇಷ್ಟ್ರ ಮುಂದೆ ಇಡಬೇಡಿ ಅಣ್ಣ. 2013ರಲ್ಲಿ ಕಿಡ್ ಮತ್ತು ಕಸ್ತಾನೊ ಅನ್ನೋರು ಸೈನ್ಸ್ ಪತ್ರಿಕೆಯಲ್ಲಿ ಹಾಗೆ ಬರೆದಿದ್ದು ನಿಜ. ಸ್ವಲ್ಪ ಹೊತ್ತು ಒಳ್ಳೆ ಕಥೆ ಓದಿಸಿ, ಆಮೇಲೆ ಬರೀ ಕಣ್ಣಿನ ಫೋಟೋ ತೋರಿಸಿ ಈ ಮನುಷ್ಯನಿಗೆ ಏನನ್ನಿಸ್ತಿದೆ ಹೇಳಿ ಅಂತ ಪರೀಕ್ಷೆ ಮಾಡಿದ್ರು. 2016ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ, 2018ರಲ್ಲಿ ಇನ್ನೊಂದು ತಂಡಕ್ಕೂ ಬರಲಿಲ್ಲ. ಹತ್ತು ನಿಮಿಷ ಕಥೆ ಓದಿ ಮನುಷ್ಯ ಬದಲಾಗ್ತಾನೆ ಅನ್ನೋದನ್ನ ನಾನೂ ಒಪ್ಪಲ್ಲ. ಶರಪಂಜರ ನನ್ನೊಳಗೆ ಕೆಲಸ ಮಾಡೋಕೆ ನಾಲ್ಕು ವರ್ಷ, ಒಂದು ವಾರ್ಡು ಬೇಕಾಯ್ತು.


ದಾಳಿಂಬೆ ತೋಟ | ಹಿರಿಯೂರು ತಾಲ್ಲೂಕು

ನರ್ಸಕ್ಕ, ಕೈ ಮುಗಿದೆ.

ನಾನು ಎಸ್ಸೆಸ್ಸೆಲ್ಸಿ. ಓದೋದು ಕಡಿಮೆ, ಕೇಳೋದು ಜಾಸ್ತಿ. ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತು ಕಿವಿಗೆ ಹಾಕ್ಕೊಂಡು ಕಥೆ ಕೇಳ್ತೀನಿ. ಅದು ಓದು ಅಲ್ಲ ಅಂತ ಅನ್ನೋರಿಗೆ ಒಂದು ಮಾತು: ನಮ್ಮ ಸೀಮೆಯಲ್ಲಿ ಕಾಡುಗೊಲ್ಲರು ಜುಂಜಪ್ಪನ ಕಥೆ, ಎತ್ತಪ್ಪನ ಕಥೆ ಇಟ್ಕೊಂಡಿದ್ದು ಬಾಯಲ್ಲಿ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೇ ಸಾವಿರಾರು ಪದ ಹಾಡಿದೋರು. ಅವರು ಓದುಗರಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ.

ಕಥೆ ಯಾವುದು ನಿಜ ಯಾವುದು ಅನ್ನೋದಕ್ಕೆ ನಮ್ಮ ಮನೇದೇ ಒಂದು ಉದಾಹರಣೆ. ವಾಣಿ ವಿಲಾಸ ಸಾಗರ, ನಾವು ಮಾರಿಕಣಿವೆ ಅಂತೀವಿ, ಕಟ್ಟಿ ಮುಗಿದಿದ್ದು 1907. ಅದು 1933ರಲ್ಲಿ ಕೋಡಿ ಬಿತ್ತು ಅಂತ ನಮ್ಮಜ್ಜಿ ಹೇಳೋಳು. ನೀರಿನ ಸದ್ದು ಹೇಗಿತ್ತು, ಕೋಡಿ ನೋಡೋಕೆ ಗಾಡಿ ಕಟ್ಕೊಂಡು ಹೋಗಿದ್ದು, ಬುತ್ತಿಗೆ ಏನು ಕಟ್ಟಿದ್ರು ಅನ್ನೋದು ಸಮೇತ. ನಾವು ಹುಟ್ಟಿದಾಗಿಂದ ಆ ಕೆರೆ ತುಂಬಿದ್ದನ್ನ ನೋಡಿರಲಿಲ್ಲ, ತಳ ಕಂಡಿದ್ದೇ ಜಾಸ್ತಿ. ಹಂಗಾಗಿ ಅಜ್ಜಿ ಹೇಳೋದನ್ನ ಕಟ್ಟುಕಥೆ ಅನ್ಕೊಂಡಿದ್ವಿ. 2022ರ ಸೆಪ್ಟೆಂಬರ್‌ನಲ್ಲಿ 130 ಅಡಿ ತುಂಬಿ ಕೋಡಿ ಬಿತ್ತು. ನಾನೂ ಹೋಗಿ ನಿಂತ್ಕೊಂಡೆ. ಅಜ್ಜಿ ಹೇಳಿದ ಸದ್ದೇ ಅದು. 89 ವರ್ಷ ಆ ಸದ್ದು ಉಳಿದಿದ್ದು ಅಜ್ಜಿ ಬಾಯಲ್ಲಿ ನೋಡಿ. ಅಡಿ ಎಷ್ಟು, ಇಸವಿ ಯಾವುದು ಅನ್ನೋದು ಸರ್ಕಾರದ ಪುಸ್ತಕದಲ್ಲಿ ಉಳಿದಿತ್ತು. ಎರಡರಲ್ಲಿ ಯಾವುದನ್ನ ಬಿಡ್ಲಿ?

ಮಣ್ಣು, ದುಂಡಾಣು ಅಂಗಮಾರಿ ರೋಗ, ಗೊಬ್ಬರದ ಪುಸ್ತಕ ಸಿಕ್ಕಿದ್ದೆಲ್ಲ ಓದ್ತೀನಿ. ಅದು ಓದದೇ ಇದ್ರೆ ತೋಟ ಇರ್ತಿರಲಿಲ್ಲ. ಆದ್ರೆ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ರಾಶಿ ಹಾಕಿರೋ, ಬೇಗ ಶ್ರೀಮಂತರಾಗೋದು ಹೇಗೆ ಅನ್ನೋ ಅನುವಾದದ ಪುಸ್ತಕಗಳನ್ನ ಜ್ಞಾನದ ಪುಸ್ತಕ ಅಂತ ಕರೀಬೇಡಿ. ಎರಡು ತಗೊಂಡೆ, ಎರಡರಲ್ಲೂ ಒಂದೇ ಮಾತು.


ಎಫ್‌ಡಿಎ ಮೂರನೇ ಸಲ | ಜಗಳೂರು, ಈಗ ದಾವಣಗೆರೆ

ಗ್ರಂಥಪಾಲಕ ಸರ್, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಬಂತು ಮೊದಲು. ಆಮೇಲೆ ನನ್ನ ಕಪಾಟು ನೋಡಿದೆ. ಹದಿನಾಲ್ಕು ಪುಸ್ತಕ. ಒಂದರ ಲೇಖಕರ ಹೆಸರೂ ನನಗೆ ಗೊತ್ತಿಲ್ಲ, ಪ್ರಕಾಶನದ ಹೆಸರು ಮಾತ್ರ ಗೊತ್ತು. ಇದು ನಿಜ ಸರ್.

ಆದ್ರೂ ಒಂದು ಕೇಳ್ತೀನಿ. ಮೇಡಂಗೆ ಸಂಬಳ ಇದೆ, ನಿಮಗೆ ಪಿಂಚಣಿ ಇದೆ, ನರ್ಸಕ್ಕನಿಗೆ ಕೆಲಸ ಇದೆ, ಹಿರಿಯೂರು ಅಣ್ಣನಿಗೆ ತೋಟ ಇದೆ. ನಿಮಗೆಲ್ಲ ಪುಸ್ತಕ ಆಮೇಲೆ ಬಂದಿದ್ದು. ಏನೂ ಇಲ್ಲದವನಿಗೆ ಕಾದಂಬರಿ ಏನು ಕೊಡ್ತು ಅಂತ ಯಾರಾದ್ರೂ ಹೇಳಿ. ಗುಮಾಸ್ತಣ್ಣ, ನಿಮ್ಮಪ್ಪನಿಗೆ ಏನು ಬಂತು ಅಂತ ನೀವೇ ಕೇಳಿದ್ರಿ, ಉತ್ತರ ಹೇಳಲಿಲ್ಲ.


ಮಂಡಿಪೇಟೆ ಗುಮಾಸ್ತ | ದಾವಣಗೆರೆ

ತಮ್ಮ, ಸರಿಯಾದ ಪ್ರಶ್ನೆ. ನಿನ್ನೆ ಅಂಗಡಿಯಲ್ಲಿ ತೂಕದ ಚೀಟಿ ಬರೆಯುವಾಗಲೂ ಅದನ್ನೇ ಯೋಚಿಸ್ತಿದ್ದೆ. ಅಮ್ಮನ್ನ ಕೇಳಿದೆ. ಅಮ್ಮ ಹೇಳಿದ್ದು ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ.

ಮಿಲ್ ನಿಂತಾಗ ನಾನು ಏಳನೇ ಕ್ಲಾಸು. ಒಂದು ದಿನ ಗೇಟಿಗೆ ಬೀಗ ಬಿತ್ತು. ಬಾಕಿ ಸಂಬಳ, ಗ್ರಾಚುಯಿಟಿ ಏನೂ ಬರಲಿಲ್ಲ. ಒಳಗಿನವರು ಕೊಟ್ಟಷ್ಟು ತಗೊಂಡು ಸಹಿ ಹಾಕಿ ಅಂದ್ರು. ಆಗ ಅಪ್ಪ ಎಲ್ಲಿಂದಲೋ ಕನ್ನಡದಲ್ಲಿದ್ದ ಕಾರ್ಮಿಕ ಕಾನೂನಿನ ಸಣ್ಣ ಪುಸ್ತಕ ತಂದ್ರು. 1972ರ ಗ್ರಾಚುಯಿಟಿ ಕಾಯ್ದೆ. ಐದು ವರ್ಷ ಬಿಡದೆ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕದಲ್ಲಿ. ನಾಲ್ಕನೇ ಕ್ಲಾಸಿನ ಮನುಷ್ಯ ಅಡುಗೆ ಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಲೆಕ್ಕ ಹಾಕಿದ್ದು ನನಗೆ ನೆನಪಿದೆ. ಕೊನೆಯ ಸಂಬಳ, ಭಾಗಿಸು ಇಪ್ಪತ್ತಾರು, ಗುಣಿಸು ಹದಿನೈದು, ಗುಣಿಸು ಹತ್ತೊಂಬತ್ತು ವರ್ಷ.

ಇಲ್ಲಿವರೆಗೆ ನೋಡಿದ್ರೆ ಮೇಷ್ಟ್ರು ಗೆದ್ದರು, ಜ್ಞಾನದ ಪುಸ್ತಕವೇ ಅನ್ನ ಕೊಡ್ತು ಅನ್ನಬಹುದು. ನಾನೂ ಇಷ್ಟು ದಿನ ಹಾಗೇ ಅಂದ್ಕೊಂಡಿದ್ದೆ.

ಅಮ್ಮ ಹೇಳಿದ್ದು ಮುಂದಿನದು. ಆ ಲೆಕ್ಕ ಗೊತ್ತಿದ್ದವರು ಬೇರೆಯವರೂ ಇದ್ರಂತೆ. ಮುಖಂಡರು ಅನ್ನಿಸ್ಕೊಂಡವರು ಇದ್ರು, ಕಾಗದ ಓದಿ ಹೇಳೋರು ಇದ್ರು. ಅಕ್ಷರ ಬಾರದವರು ಅವರನ್ನ ನಂಬಲಿಲ್ಲ. ಹೆಬ್ಬೆಟ್ಟು ಒತ್ತಿಸ್ಕೊಂಡು ಮೋಸ ಮಾಡ್ತಾರೆ ಅನ್ನೋ ಹೆದರಿಕೆ. ಒಂದು ರಾತ್ರಿ ಬೇವಿನ ಮರದ ಕೆಳಗೆ ಕೂರ್ತಿದ್ದ ಆ ನಾಲ್ಕೈದು ಜನ ನಮ್ಮನೆಗೆ ಬಂದ್ರು. ತಮ್ಮ ತಮ್ಮ ಕಾಗದ ಅಪ್ಪನ ಮುಂದೆ ಇಟ್ಟು, "ನೀನು ಓದಿ ಹೇಳು, ನೀನು ಇರೋದನ್ನ ಇದ್ದ ಹಾಗೆ ಓದ್ತೀಯ" ಅಂದ್ರಂತೆ.

ಇದ್ದ ಹಾಗೆ ಓದ್ತೀಯ. ಅಷ್ಟು ವರ್ಷ ಅಪ್ಪ ಅವರಿಗೆ ಓದಿದ್ದು ಕಾದಂಬರಿ ಮಾತ್ರ. ದುಃಖದ ಪುಟ ಬಂದಾಗ ದನಿ ಬಿದ್ದು ಹೋಗೋದನ್ನ ಅವರು ನೋಡಿದ್ರು. ಬೇಗ ಮುಗಿಸೋಕೆ ಅಂತ ಪುಟ ಹಾರಿಸಿದವರಲ್ಲ ಅನ್ನೋದು ಗೊತ್ತಿತ್ತು. ಆ ನಂಬಿಕೆ ಇಟ್ಕೊಂಡೇ ಕಾಯ್ದೆಯ ಪುಸ್ತಕವನ್ನೂ ಕೇಳಿದ್ರು. ಅಪ್ಪನೂ ಸೇರಿ ಆರು ಜನ ಒಟ್ಟಿಗೆ ಅರ್ಜಿ ಹಾಕಿದ್ರು. ವರ್ಷಗಳು ಹಿಡಿದ್ವು, ಓಡಾಡಿ ಓಡಾಡಿ ಚಪ್ಪಲಿ ಸವೀತು. ಪೂರ್ತಿ ಬರಲಿಲ್ಲ. ಬಂದಿದ್ದರಲ್ಲಿ ನನ್ನ ಬಿ.ಕಾಂ. ಮುಗೀತು.

ಏನೂ ಇಲ್ಲದವನಿಗೆ ಏನು ಕೊಡ್ತು ಅಂದ್ಯಲ್ಲ ತಮ್ಮ. ಆ ಐದು ಜನರನ್ನ ಕೊಡ್ತು. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರೂ ಅವರೇ.


ನಿವೃತ್ತ ಗ್ರಂಥಪಾಲಕ | ದಾವಣಗೆರೆ

ಗುಮಾಸ್ತರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ. ಬಾಡಿಗೆ ಅಂಗಡಿಗಳಿಂದ ಆಮೇಲೆ ನಮಗೆ ದಾನವಾಗಿ ಬಂದ ಹಳೆಯ ಪುಸ್ತಕಗಳಲ್ಲಿ ಆ ಅರಳೆಯ ಎಳೆಯನ್ನು ನಾನೂ ಕಂಡಿದ್ದೇನೆ. ಧೂಳೆಂದು ಕೊಡವಿದ್ದೆ.


ಕೋಟೆ ಕೆಳಗಿನ ಮನೆ | ಚಿತ್ರದುರ್ಗ

ಓದಿ ಸುಮ್ಮನೆ ಕೂತಿದ್ದೆ. ಮಗಳಿಗೆ ಏನು ಹೇಳಿದ್ರಿ ಅಣ್ಣ?


ಮಂಡಿಪೇಟೆ ಗುಮಾಸ್ತ | ದಾವಣಗೆರೆ

ಅವಳಿಗೆ ಅಜ್ಜನ ಕಥೆ ಹೇಳಿದೆ, ಅಷ್ಟೇ. ಬೀಗ ಹಾಕಲ್ಲ ಅಂದೆ. ಫಿಸಿಕ್ಸ್ ಮುಗಿಸಿ ಮಲಗೋ ಮುಂಚೆ ಅರ್ಧ ಗಂಟೆ ಅವಳಿಷ್ಟದ ಪುಸ್ತಕ, ಪರೀಕ್ಷೆ ತಿಂಗಳಲ್ಲಿ ಅದೂ ಇಲ್ಲ ಅಂತ ಅವಳೇ ಒಪ್ಪಿಕೊಂಡಳು. ಟ್ಯೂಷನ್ ಮೇಷ್ಟ್ರನ್ನೂ ಹೋಗಿ ಕಂಡೆ. ಅವರು ಕೆಟ್ಟವರಲ್ಲ, ಫಲಿತಾಂಶದ ಭಯ ಅವರಿಗೂ ಇದೆ. ಮಾರ್ಕ್ಸ್ ಕಡಿಮೆ ಆದ್ರೆ ನನ್ನ ಕೇಳಬೇಡಿ ಅಂದ್ರು. ಕೇಳಲ್ಲ ಅಂದೆ.


ಎಫ್‌ಡಿಎ ಮೂರನೇ ಸಲ | ಜಗಳೂರು, ಈಗ ದಾವಣಗೆರೆ

ಮೂರು ವಾರ ಆದ ಮೇಲೆ ಬರೀತಿದ್ದೀನಿ.

ನಾವು ಕೂರೋ ಗ್ರಂಥಾಲಯದಲ್ಲೂ ಅಂಥದೊಂದು ಕೋಣೆ ಇದೆ. ಇಷ್ಟು ದಿನ ಅದು ಸ್ಟೋರ್ ರೂಮ್ ಅಂದ್ಕೊಂಡಿದ್ದೆ. ಸರ್ ಹೇಳಿದ ಹಾಗೆ ಪುಸ್ತಕದ ಹೆಸರು ಚೀಟಿಯಲ್ಲಿ ಬರೆದು ಕೌಂಟರಲ್ಲಿ ಕೊಟ್ಟೆ. ಎರಡು ದಿನ ನಾಳೆ ಬಾ ಅಂದ್ರು. ಮೂರನೇ ದಿನ ಬೀಗದ ಕೈ ಹುಡುಕಿ ತೆಗೆದ್ರು. ಒಳಗೆ ಲೈಟ್ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡ್ಕೊಂಡು ಬೆನ್ನಿನ ಚೀಟಿ ನೋಡ್ತಾ ಹೋದೆ. 894.814 ಸಿಕ್ಕಿತು. ದುರ್ಗಾಸ್ತಮಾನ ಕೆಳಗಿನ ಸಾಲಿನಲ್ಲಿತ್ತು, ರಟ್ಟು ಬಿಚ್ಚಿದೆ, ಪುಟ ಎಲ್ಲ ಇದೆ. ಒಳಗಿನ ಚೀಟಿಯಲ್ಲಿ ಕೊನೆಯ ಮುದ್ರೆ ನಾನು ಪ್ರೈಮರಿ ಸ್ಕೂಲಲ್ಲಿ ಇದ್ದಾಗಿನದು.

ರಾತ್ರಿ ರೂಮಿಗೆ ಹೋದ ಮೇಲೆ ಇಪ್ಪತ್ತು ಪುಟ ಓದ್ತೀನಿ. ಮೊದಲ ಮೂರು ದಿನ ಕಷ್ಟ ಆಯ್ತು, ಪ್ರತಿ ಪುಟದಲ್ಲೂ ಇಸವಿ ಹುಡುಕ್ತಿದ್ದೆ, ಅಡಿಗೆರೆ ಹಾಕೋಕೆ ಪೆನ್ಸಿಲ್ ಕೈಯಲ್ಲೇ ಇತ್ತು. ಈಗ ಪೆನ್ಸಿಲ್ ಇಟ್ಕೊಳ್ಳಲ್ಲ. ಪಕ್ಕದ ಹಾಸಿಗೆಯ ಸ್ನೇಹಿತ ಪಿಎಸ್‌ಐಗೆ ಓದ್ತಿದ್ದಾನೆ, ಏನೋ ಅಷ್ಟು ಮುಳುಗಿದ್ದೀಯಲ್ಲ, ಗಟ್ಟಿಯಾಗಿ ಓದು ಅಂದ. ಎಂಟು ದಿನದಿಂದ ಅವನಿಗೂ ಓದಿ ಹೇಳ್ತಿದ್ದೀನಿ.

ಮೇಡಂ, ಬರೋ ಭಾನುವಾರ ಟೆಸ್ಟ್ ಇಲ್ಲ. ದುರ್ಗಕ್ಕೆ ಇಬ್ಬರೂ ಬರೋಣ ಅಂತಿದ್ದೀವಿ. ಕೋಟೆಯನ್ನ ಯಾರಾದ್ರೂ ಗೊತ್ತಿದ್ದವರ ಜೊತೆ ನೋಡಬೇಕು. ಬ್ರಹ್ಮಗಿರಿಗೆ ಅದೇ ದಿನ ಹೋಗಿ ಬರೋಕೆ ಆಗುತ್ತಾ?


ಮಂಡಿಪೇಟೆ ಗುಮಾಸ್ತ | ದಾವಣಗೆರೆ

ನಾನು, ಮಗಳೂ ಬರ್ತೀವಿ ತಮ್ಮ. ಮೊದಲ ಬಸ್ಸಿಗೇ ಹೊರಡೋಣ. ನಿಮ್ಮಿಬ್ಬರ ತಿಂಡಿ ನಮ್ಮನೆಯಿಂದಲೇ ತರ್ತೀನಿ, ನೀವು ಏನೂ ಕಟ್ಕೋಬೇಡಿ.


ಕೋಟೆ ಕೆಳಗಿನ ಮನೆ | ಚಿತ್ರದುರ್ಗ

ಬನ್ನಿ ಬನ್ನಿ. ಬ್ರಹ್ಮಗಿರಿ ದೂರ, ಅದಕ್ಕೆ ಇನ್ನೊಂದು ದಿನ ಇಡೋಣ, ಅವಸರದಲ್ಲಿ ನೋಡೋ ಜಾಗ ಅಲ್ಲ ಅದು. ಭಾನುವಾರ ಮೊದಲು ಚಂದ್ರವಳ್ಳಿ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಷಯ ಹೇಳೋದು, ಕೆಲವೇ ಸಾಲು. ಮಗಳಿಗೆ ಅದರ ಅಕ್ಷರ ತೋರಿಸ್ತೀನಿ. ಆಮೇಲೆ ಕೋಟೆ ಹತ್ತೋಣ. ಹತ್ತು ಗಂಟೆ ದಾಟಿದ್ರೆ ಬಂಡೆ ಕಾಯುತ್ತೆ, ಟೋಪಿ ತನ್ನಿ, ಜಾರದ ಚಪ್ಪಲಿ ಹಾಕ್ಕೊಳ್ಳಿ. ಪುಸ್ತಕವನ್ನೂ ಚೀಲದಲ್ಲಿ ತಾ ತಮ್ಮ, ಒನಕೆ ಕಿಂಡಿ ಹತ್ತಿರ ನೆರಳಲ್ಲಿ ಕೂತು ನೀನು ನಿಲ್ಲಿಸಿದ ಪುಟದಿಂದ ಓದು, ಕೇಳ್ತೀವಿ.